ಮಾಲ್ಟ್ ಸಾರದ ಕಿಟ್‌ಗಳಿಂದ ಮನೆ ಬಿಯರ್ ತಯಾರಿಕೆ

ಮಾಲ್ಟ್ ಸಾರದ ಕಿಟ್‌ಗಳಿಂದ ಮನೆ ಬಿಯರ್ ತಯಾರಿಕೆ ಎಂಬುದು ಬಾರ್ಲಿಯ ಮಾಲ್ಟಿನಿಂದ ಕಾರ್ಖಾನೆಯಲ್ಲಿ ಮೊದಲೇ ತೆಗೆದು ಗಟ್ಟಿಗೊಳಿಸಿದ ಪಾಕವನ್ನು ನೀರಿನಲ್ಲಿ ಕರಗಿಸಿ, ಯೀಸ್ಟ್ ಸೇರಿಸಿ ಹುದುಗಿಸಿ, ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವ ವಿಧಾನವಾಗಿದೆ. ಧಾನ್ಯವನ್ನು ನೆನೆಸಿ ರಸ ತೆಗೆಯುವ ದೀರ್ಘವಾದ ಕೆಲಸವನ್ನು ತಪ್ಪಿಸುವುದರಿಂದ ಈ ವಿಧಾನಕ್ಕೆ ಹೆಚ್ಚಿನ ಸಲಕರಣೆಯಾಗಲಿ ಪೂರ್ವಾನುಭವವಾಗಲಿ ಬೇಕಾಗುವುದಿಲ್ಲ. ಬ್ರಿಟನ್, ಅಮೆರಿಕ ಸಂಯುಕ್ತ ಸಂಸ್ಥಾನ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಇದು ಕಾನೂನುಸಮ್ಮತವಾದ ಹವ್ಯಾಸವಾಗಿದೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಬಹು ಜನಪ್ರಿಯವಾಗಿದ್ದ ಈ ಹವ್ಯಾಸ ಮುಂದೆ ಸೊರಗಿ, ಅನಂತರ ಪುನಃ ಚೇತರಿಸಿಕೊಂಡಿತು. ಹಲವು ವರ್ಷಗಳ ಬಿಡುವಿನ ನಂತರ ಇದಕ್ಕೆ ಮರಳುವ ಅನೇಕರು ಕಿಟ್‌ನಿಂದಲೇ ಪುನರಾರಂಭ ಮಾಡುತ್ತಾರೆ.

ಮಾಲ್ಟ್ ಸಾರ

ಬಾರ್ಲಿ ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದಾಗ ದೊರೆಯುವುದೇ ಮಾಲ್ಟ್. ಕರ್ನಾಟಕದ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡುವ ಕ್ರಮದ ಹಿಂದಿರುವ ತತ್ವವೂ ಇದೇ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಕಿಣ್ವಗಳು ಹುಟ್ಟುತ್ತವೆ. ಪುಡಿ ಮಾಡಿದ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಇರಿಸಿದಾಗ ಈ ಕಿಣ್ವಗಳು ಪಿಷ್ಟವನ್ನು ಸಕ್ಕರೆಯನ್ನಾಗಿ ಪರಿವರ್ತಿಸುತ್ತವೆ. ಹೀಗೆ ದೊರೆತ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು.

ವರ್ಟಿನ ನೀರಿನಂಶವನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ ತೆಗೆದರೆ ಜೇನಿನಂತೆ ಮಂದವಾದ ಪಾಕ ಉಳಿಯುತ್ತದೆ. ಇದು ದ್ರವರೂಪದ ಮಾಲ್ಟ್ ಸಾರ. ಇದರಲ್ಲಿ ಸುಮಾರು ಶೇಕಡ 20ರಷ್ಟು ನೀರು ಇರುತ್ತದೆ. ಇನ್ನೂ ಒಣಗಿಸಿದರೆ ಪುಡಿಯ ರೂಪದ ಸಾರ ದೊರೆಯುತ್ತದೆ. ಹಾಪ್ಸ್ ಎಂಬ ಬಳ್ಳಿಯ ಹೂಗಳು ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುತ್ತವೆ. ಕಿಟ್‌ಗಳಲ್ಲಿ ಬರುವ ಸಾರಕ್ಕೆ ಹಾಪ್ಸಿನ ಕಹಿಯನ್ನು ಸಾಮಾನ್ಯವಾಗಿ ಮೊದಲೇ ಸೇರಿಸಿರುತ್ತಾರೆ. ಆದ್ದರಿಂದ ಬಳಸುವವರು ಅದನ್ನು ದೀರ್ಘಕಾಲ ಕುದಿಸಬೇಕಾಗಿಲ್ಲ.

ಇತಿಹಾಸ

ಬ್ರಿಟನ್: ಬಿಯರ್ ತಯಾರಿಕೆ ಶತಮಾನಗಳ ಕಾಲ ಮನೆಗೆಲಸದ ಭಾಗವಾಗಿತ್ತು, ಬಹುಮಟ್ಟಿಗೆ ಹೆಂಗಸರೇ ಅದನ್ನು ನಡೆಸುತ್ತಿದ್ದರು. 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರ ಸರ್ಕಾರವು ಮಾಲ್ಟಿನ ಮೇಲಿದ್ದ ತೆರಿಗೆಯನ್ನು ರದ್ದುಗೊಳಿಸಿ, ಸುಂಕವನ್ನು ತಯಾರಾದ ಬಿಯರಿನ ಮೇಲೆ ವಿಧಿಸಿತು. ಇದರಿಂದ ಮನೆಯಲ್ಲಿ ಬಿಯರ್ ಮಾಡುವವರೂ ಸುಂಕದ ವ್ಯವಸ್ಥೆಗೆ ಒಳಪಟ್ಟು ಪರವಾನಗಿ ಪಡೆಯಬೇಕಾಯಿತು. ಮನೆಯ ತಯಾರಿಕೆ ಕ್ರಮೇಣ ಕ್ಷೀಣಿಸಿತು.

1963ರ ಏಪ್ರಿಲ್‌ನ ಆಯವ್ಯಯದಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅವರು ಈ ಪರವಾನಗಿಯನ್ನು ತೆಗೆದುಹಾಕಿದರು. ಮಾರಾಟ ಮಾಡದೆ ಸ್ವಂತ ಬಳಕೆಗೆ ತಯಾರಿಸುವ ಬಿಯರಿಗೆ ಪರವಾನಗಿಯಾಗಲಿ ಸುಂಕವಾಗಲಿ ಇಲ್ಲವಾಯಿತು. ಸಿ. ಜೆ. ಜೆ. ಬೆರಿ, ಡೇವ್ ಲೈನ್ ಮೊದಲಾದವರು ಬರೆದ ಕೈಪಿಡಿಗಳು ಜನರನ್ನು ತಲುಪಿದವು. ಬೂಟ್ಸ್‌ನಂತಹ ಔಷಧಿ ಅಂಗಡಿಗಳ ಸರಣಿಯಲ್ಲಿಯೂ ಕಿಟ್‌ಗಳು ದೊರೆಯತೊಡಗಿದವು. ಸಫೋಕ್ ಪ್ರಾಂತದ ಸ್ಟೋಮಾರ್ಕೆಟ್‌ನ ಮಂಟನ್ಸ್ ಮತ್ತು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1862ರಲ್ಲಿ ಆರಂಭವಾದ ಕೂಪರ್ಸ್ ಸಂಸ್ಥೆಗಳು ಮುಂದೆ ಕಿಟ್ ತಯಾರಿಕೆಯಲ್ಲಿ ಹೆಸರಾದವು.

ಆ ಕಾಲದ ಕಿಟ್ ಬಿಯರಿಗೆ ಅಗ್ಗದ ಪಾನೀಯವೆಂಬ ಹೆಸರಿತ್ತೇ ಹೊರತು ರುಚಿಯ ಹೆಸರಿರಲಿಲ್ಲ. ಅಂಗಡಿಗಳಲ್ಲಿ ಡಬ್ಬಿ ಬಿಯರ್ ಅಗ್ಗವಾದಂತೆ ಹಾಗೂ 1993ರ ನಂತರ ಯುರೋಪಿನ ಏಕ ಮಾರುಕಟ್ಟೆಯ ನಿಯಮದಿಂದಾಗಿ ಫ್ರಾನ್ಸ್‌ನಿಂದ ಸ್ವಂತ ಬಳಕೆಗೆ ಬಿಯರ್ ತರುವುದು ಸುಲಭವಾದಂತೆ, ಹಣ ಉಳಿಸಲೆಂದೇ ಮನೆಯಲ್ಲಿ ತಯಾರಿಸುತ್ತಿದ್ದವರಿಗೆ ಕಾರಣವಿಲ್ಲದಂತಾಯಿತು. ಸಣ್ಣ ಬ್ರೂವರಿಗಳ ವೈವಿಧ್ಯಮಯ ಬಿಯರುಗಳು ಜನಪ್ರಿಯವಾದ ಮೇಲೆ ರುಚಿಗಾಗಿ ತಯಾರಿಸುವ ಹೊಸ ತಲೆಮಾರು ಬಂದಿತು. ಹಳಬರಲ್ಲಿ ಹಲವರೂ ಮರಳಿದರು. 2020ರ ಮಾರ್ಚ್ 20ರಂದು ಕೋವಿಡ್ ಕಾರಣದಿಂದ ಬ್ರಿಟನ್ನಿನ ಪಬ್‌ಗಳನ್ನು ಮುಚ್ಚಿಸಿದಾಗಲೂ ಕಿಟ್‌ಗಳ ಬೇಡಿಕೆ ಏರಿತು.

ಅಮೆರಿಕ: 1920ರಿಂದ 1933ರವರೆಗಿನ ಪಾನನಿಷೇಧದ ಕಾಲದಲ್ಲಿ ಮಾಲ್ಟ್ ಪಾಕವು ರೊಟ್ಟಿ ಬೇಯಿಸುವ ಸಾಮಗ್ರಿಯೆಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು, ಅದರಲ್ಲಿ ಬಹುಭಾಗ ಮನೆಯ ಬಿಯರಿಗೆ ಬಳಕೆಯಾಗುತ್ತಿತ್ತು. ನಿಷೇಧ ತೆರವಾದ ಮೇಲೆ ಮನೆಯಲ್ಲಿ ದ್ರಾಕ್ಷಾರಸ ತಯಾರಿಸುವುದಕ್ಕೆ ಅವಕಾಶ ದೊರೆಯಿತಾದರೂ ಬಿಯರಿಗೆ ದೊರೆಯಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸಹಿ ಮಾಡಿದ ಕಾಯ್ದೆಯು ಈ ಕೊರತೆಯನ್ನು ನೀಗಿಸಿತು. ಅದೇ ವರ್ಷ ಚಾರ್ಲಿ ಪಪೇಜಿಯನ್ ಮತ್ತು ಚಾರ್ಲಿ ಮ್ಯಾಟ್ಜೆನ್ ಅವರು ಕೊಲರಾಡೋದ ಬೋಲ್ಡರ್‌ನಲ್ಲಿ ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ರಾಜ್ಯಗಳ ಕಾನೂನು ಬದಲಾಗಲು ಮತ್ತಷ್ಟು ಕಾಲ ಹಿಡಿಯಿತು. ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು ಕೊನೆಯದಾಗಿ 2013ರಲ್ಲಿ ಒಪ್ಪಿಗೆ ನೀಡಿದವು.

ಕಿಟ್ ಮತ್ತು ಸಲಕರಣೆಗಳು

ಸಾಮಾನ್ಯ ಕಿಟ್‌ನಲ್ಲಿ 1.5ರಿಂದ 1.8 ಕಿಲೋಗ್ರಾಂ ಹಾಪ್ಸ್‌ಯುಕ್ತ ಮಾಲ್ಟ್ ಸಾರದ ಡಬ್ಬಿ ಹಾಗೂ ಒಣ ಯೀಸ್ಟಿನ ಸಣ್ಣ ಪೊಟ್ಟಣ ಇರುತ್ತವೆ. ಇದರಿಂದ ಸುಮಾರು 23 ಲೀಟರ್, ಅಂದರೆ ಬ್ರಿಟಿಷ್ ಅಳತೆಯಲ್ಲಿ 40 ಪಿಂಟ್ ಬಿಯರ್ ಆಗುತ್ತದೆ. ಒಂದೇ ಡಬ್ಬಿಯ ಕಿಟ್‌ಗಳಿಗೆ ಸುಮಾರು 1 ಕಿಲೋಗ್ರಾಂ ಸಕ್ಕರೆಯನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಎರಡು ಡಬ್ಬಿಗಳ ಕಿಟ್‌ಗಳಲ್ಲಿ ಸಕ್ಕರೆಯ ಸ್ಥಾನವನ್ನು ಮಾಲ್ಟ್ ಸಾರವೇ ತುಂಬುತ್ತದೆ.

ಮುಚ್ಚಳವಿರುವ 25ರಿಂದ 30 ಲೀಟರಿನ ಆಹಾರಯೋಗ್ಯ ಪ್ಲಾಸ್ಟಿಕ್ ಪಾತ್ರೆ, ಅನಿಲ ಹೊರಹೋಗಲು ಬಿಟ್ಟು ಗಾಳಿಯನ್ನು ಒಳಗೆ ಬಿಡದ ಏರ್‌ಲಾಕ್, ಉಷ್ಣಮಾಪಕ, ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರ್, ಬಿಯರನ್ನು ವರ್ಗಾಯಿಸುವ ಕೊಳವೆ ಮತ್ತು ಬಾಟಲಿಗಳು ಅಗತ್ಯವಾದ ಸಲಕರಣೆಗಳಾಗಿವೆ.

ತಯಾರಿಕೆಯ ಹಂತಗಳು

ಶುಚಿಗೊಳಿಸುವಿಕೆ: ಬಿಯರನ್ನು ಮುಟ್ಟುವ ಪ್ರತಿಯೊಂದು ವಸ್ತುವನ್ನೂ ಮೊದಲು ತೊಳೆದು, ನಂತರ ಸೂಕ್ಷ್ಮಜೀವಿನಾಶಕ ದ್ರಾವಣದಲ್ಲಿ ಅದ್ದಲಾಗುತ್ತದೆ. ಕೊಳೆಯಿರುವ ಪಾತ್ರೆಯ ಮೇಲೆ ಸೂಕ್ಷ್ಮಜೀವಿನಾಶಕ ಸರಿಯಾಗಿ ಕೆಲಸ ಮಾಡದ ಕಾರಣ ಇವೆರಡೂ ಬೇರೆ ಬೇರೆ ಹಂತಗಳೇ ಆಗಿವೆ.

ಮಿಶ್ರಣ: ಡಬ್ಬಿಯನ್ನು ಬಿಸಿನೀರಿನಲ್ಲಿ ಇರಿಸಿ ಪಾಕವನ್ನು ಸಡಿಲಗೊಳಿಸಿ, ಕುದಿನೀರಿನಲ್ಲಿ ಕರಗಿಸಿ, ತಣ್ಣೀರಿನಿಂದ 23 ಲೀಟರಿಗೆ ತರಲಾಗುತ್ತದೆ. ಯೀಸ್ಟಿನ ಬೆಳವಣಿಗೆಗೆ ಆಮ್ಲಜನಕ ಬೇಕಾದ್ದರಿಂದ ಈ ಹಂತದಲ್ಲಿ ಚೆನ್ನಾಗಿ ಕಲಕಲಾಗುತ್ತದೆ. ದ್ರವ ತಣಿದ ಮೇಲೆ ಮಾತ್ರ ಯೀಸ್ಟ್ ಸೇರಿಸಬೇಕು. ಬಿಸಿ ದ್ರವದಲ್ಲಿ ಅದು ಸಾಯುತ್ತದೆ.

ಹುದುಗುವಿಕೆ: ಏಲ್ ಬಗೆಯ ಬಿಯರಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಸೂಕ್ತ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸಿದಂತೆ ದ್ರವದ ಸಾಂದ್ರತೆ ಇಳಿಯುತ್ತದೆ. ಆರಂಭದ ಸಾಂದ್ರತೆಯಿಂದ ಅಂತಿಮ ಸಾಂದ್ರತೆಯನ್ನು ಕಳೆದು, ಉಳಿದುದನ್ನು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾವಾರು ಪ್ರಮಾಣ ಹೆಚ್ಚುಕಡಿಮೆ ತಿಳಿಯುತ್ತದೆ. ಉದಾಹರಣೆಗೆ, 1.040ರಲ್ಲಿ ಆರಂಭವಾಗಿ 1.010ರಲ್ಲಿ ನಿಂತರೆ ಅದು ಸುಮಾರು ಶೇಕಡ 3.9 ಆಗುತ್ತದೆ.

ಬಾಟಲಿ ತುಂಬುವಿಕೆ: ಹುದುಗುವಿಕೆ ಮುಗಿದ ಮೇಲೆ ಪ್ರತಿ ಲೀಟರಿಗೆ ಸುಮಾರು 5ರಿಂದ 8 ಗ್ರಾಂ ಸಕ್ಕರೆ ಸೇರಿಸಿ ಬಾಟಲಿಗಳನ್ನು ಭದ್ರವಾಗಿ ಮುಚ್ಚಲಾಗುತ್ತದೆ. ಉಳಿದಿರುವ ಯೀಸ್ಟ್ ಈ ಸಕ್ಕರೆಯನ್ನು ಹುದುಗಿಸಿದಾಗ ಹುಟ್ಟುವ ಅನಿಲ ಹೊರಹೋಗದೆ ಬಿಯರಿನಲ್ಲಿಯೇ ಕರಗಿ ನೊರೆಗೆ ಕಾರಣವಾಗುತ್ತದೆ. ಎರಡು ವಾರ ಬೆಚ್ಚಗಿನ ಕಡೆಯಲ್ಲಿಯೂ ಅನಂತರ ಕೆಲವು ವಾರ ತಂಪಾದ ಕತ್ತಲೆಯಲ್ಲಿಯೂ ಇರಿಸುವುದು ರೂಢಿ.

ಮರಳಿ ಆರಂಭಿಸುವವರು ಗಮನಿಸುವ ಅಂಶಗಳು

ದೀರ್ಘಕಾಲ ಮೂಲೆಯಲ್ಲಿದ್ದ ಸಲಕರಣೆಗಳೆಲ್ಲವೂ ಬಳಕೆಗೆ ಯೋಗ್ಯವಾಗಿರುವುದಿಲ್ಲ. ಪ್ಲಾಸ್ಟಿಕ್ ಪಾತ್ರೆಯ ಒಳಮೈಯಲ್ಲಿ ಗೀರುಗಳಿದ್ದರೆ ಅವುಗಳಲ್ಲಿ ಸೂಕ್ಷ್ಮಜೀವಿಗಳು ಅಡಗಿ ದ್ರಾವಣದಿಂದ ತಪ್ಪಿಸಿಕೊಳ್ಳುತ್ತವೆ. ಅಂತಹ ಪಾತ್ರೆಯನ್ನೂ ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಾಯಿಸುವುದು ಲೇಸು. ಹೈಡ್ರೋಮೀಟರು ಶುದ್ಧ ನೀರಿನಲ್ಲಿ, ಅದರ ಮೇಲೆ ಸೂಚಿಸಿದ ಉಷ್ಣಾಂಶದಲ್ಲಿ, 1.000 ತೋರಿಸುತ್ತದೆಯೇ ಎಂದು ಪರೀಕ್ಷಿಸಬಹುದು.

ಹಳೆಯ ಕಿಟ್ ಉಳಿದಿದ್ದರೆ ಅದರಲ್ಲಿನ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಪರಿಗಣಿಸಬೇಕು. ದ್ರವರೂಪದ ಸಾರವು ಕಾಲಕ್ರಮದಲ್ಲಿ ಕಪ್ಪಾಗಿ ಒಗರು ರುಚಿ ಪಡೆಯುತ್ತದೆ. ಯೀಸ್ಟ್ ಜೀವಂತ ವಸ್ತುವಾದ್ದರಿಂದ ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಅವಧಿ ಮೀರಿದ ಯೀಸ್ಟಿನ ಬದಲು ಹೊಸದಾದ 11 ಗ್ರಾಂ ಪೊಟ್ಟಣವನ್ನು ಬಳಸುವುದು ಸಾಮಾನ್ಯ ಪರಿಹಾರವಾಗಿದೆ. ಉಬ್ಬಿದ ಅಥವಾ ಸೋರುವ ಡಬ್ಬಿಯನ್ನು ಬಳಸಬಾರದು.

ಹಿಂದಿನ ಅಭ್ಯಾಸಗಳಲ್ಲಿ ಮುಖ್ಯವಾಗಿ ಮೂರು ಬದಲಾಗಿವೆ. ಬಿಳಿ ಸಕ್ಕರೆ ಪೂರ್ಣವಾಗಿ ಹುದುಗಿ ಬಿಯರನ್ನು ತೆಳುವಾಗಿಸುವುದರಿಂದ ಅದರ ಬದಲು ಪುಡಿ ಮಾಲ್ಟ್ ಸಾರ ಬಳಸುತ್ತಾರೆ. ಕ್ಲೋರಿನ್‌ಯುಕ್ತ ಬ್ಲೀಚಿನ ಬದಲು ತೊಳೆಯುವ ಅಗತ್ಯವಿಲ್ಲದ, ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣಗಳು ಬಂದಿವೆ. ಐದಾರು ದಿನಗಳಲ್ಲಿ ಬಾಟಲಿಗೆ ತುಂಬುವ ಅವಸರದ ಬದಲು ಎರಡು ವಾರ ಪಾತ್ರೆಯಲ್ಲಿಯೇ ಬಿಡುವುದನ್ನು ಅನುಭವಿಗಳು ಇಷ್ಟಪಡುತ್ತಾರೆ.

ಸಾಮಾನ್ಯ ದೋಷಗಳು

ಔಷಧಿಯಂತಹ ವಾಸನೆಗೆ ನಲ್ಲಿ ನೀರಿನ ಅಥವಾ ಬ್ಲೀಚಿನ ಕ್ಲೋರಿನ್ ಕಾರಣವಾಗಿರಬಹುದು. ಸಲ್ಫೈಟ್ ಇರುವ ಕ್ಯಾಂಪ್ಡೆನ್ ಮಾತ್ರೆ ಅರ್ಧದಷ್ಟನ್ನು 23 ಲೀಟರ್ ನೀರಿಗೆ ಬೆರೆಸಿದರೆ ಕ್ಲೋರಿನ್ ನಿವಾರಣೆಯಾಗುತ್ತದೆ. ಹುಳಿ ರುಚಿ ಬ್ಯಾಕ್ಟೀರಿಯಾಗಳ ಸೋಂಕನ್ನು ಸೂಚಿಸುತ್ತದೆ. ಹೆಚ್ಚು ಉಷ್ಣಾಂಶದಲ್ಲಿ ಹುದುಗಿದ ಬಿಯರಿಗೆ ಹಣ್ಣಿನ ಅಥವಾ ಖಾರವಾದ ಮದ್ಯಸಾರದ ವಾಸನೆ ಬರುತ್ತದೆ. ಒದ್ದೆಯಾದ ರಟ್ಟಿನ ರುಚಿಯು, ಹುದುಗಿದ ಮೇಲೆ ಬಿಯರಿಗೆ ಗಾಳಿ ತಗಲಿರುವುದರ ಕುರುಹು.

ಸುರಕ್ಷತೆ

ಈ ಹವ್ಯಾಸದ ದೊಡ್ಡ ಅಪಾಯವೆಂದರೆ ಬಾಟಲಿಗಳ ಸ್ಫೋಟ. ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಅಥವಾ ಸಕ್ಕರೆ ಹೆಚ್ಚಾದರೆ ಒಳಗಿನ ಒತ್ತಡ ಮಿತಿಮೀರಿ ಗಾಜು ಸಿಡಿಯುತ್ತದೆ. ಕಣ್ಣಿಗೆ ಗಾಯವಾಗುವ ಸಂಭವವಿದೆ. ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತೆಂಬುದು ಹುದುಗುವಿಕೆ ಮುಗಿದುದಕ್ಕೆ ಸಾಕ್ಷಿಯಲ್ಲ. ಎರಡು ಮೂರು ದಿನಗಳ ಕಾಲ ಹೈಡ್ರೋಮೀಟರಿನ ಅಳತೆ ಬದಲಾಗದೆ ಇರುವುದೇ ನಂಬಬಹುದಾದ ಗುರುತು. ಬಿಯರಿಗೆಂದೇ ಮಾಡಿದ ದಪ್ಪ ಗಾಜಿನ ಅಥವಾ ಒತ್ತಡ ತಡೆಯುವ ಪ್ಲಾಸ್ಟಿಕ್ ಬಾಟಲಿಗಳನ್ನು ಮಾತ್ರ ಬಳಸಲಾಗುತ್ತದೆ. ಹುದುಗುವ ಕೋಣೆಯಲ್ಲಿ ಗಾಳಿಯಾಡುವಂತಿರಬೇಕು.

ಬಿಯರನ್ನು ಹುದುಗಿಸುವುದಕ್ಕೂ ಮದ್ಯವನ್ನು ಭಟ್ಟಿ ಇಳಿಸುವುದಕ್ಕೂ ಮೂಲಭೂತ ವ್ಯತ್ಯಾಸವಿದೆ. ಪರವಾನಗಿಯಿಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು ಬ್ರಿಟನ್ ಮತ್ತು ಅಮೆರಿಕ ಎರಡರಲ್ಲಿಯೂ ಅಪರಾಧವಾಗಿದೆ.

ಕಾನೂನು

ಬ್ರಿಟನ್ನಿನಲ್ಲಿ ಸ್ವಂತ ಬಳಕೆಯ ಬಿಯರಿಗೆ ಅನುಮತಿ ಬೇಕಿಲ್ಲವಾದರೂ ಅದನ್ನು ಮಾರುವಂತಿಲ್ಲ. ಅಮೆರಿಕದ ಒಕ್ಕೂಟ ಕಾನೂನಿನಂತೆ ವರ್ಷಕ್ಕೆ ಒಬ್ಬ ವಯಸ್ಕನಿರುವ ಮನೆಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿಯಿದೆ. ಇವು ಕ್ರಮವಾಗಿ ಸುಮಾರು 378 ಮತ್ತು 757 ಲೀಟರಿಗೆ ಸಮ.

ಭಾರತದಲ್ಲಿ ಮದ್ಯವು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ ವಿಷಯವಾದ್ದರಿಂದ ಪ್ರತಿಯೊಂದು ರಾಜ್ಯದ ಕಾನೂನೂ ಬೇರೆಯಾಗಿದೆ. ಕರ್ನಾಟಕದಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮವು ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ನಿಷೇಧಿಸುತ್ತದೆ. ಬೆಂಗಳೂರಿನಲ್ಲಿ ಗ್ರಾಹಕರ ಎದುರಿಗೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು ಪರವಾನಗಿ ಪಡೆದೇ ನಡೆಯುತ್ತವೆ. ಹೀಗಾಗಿ ವಿದೇಶಗಳಲ್ಲಿ ನಿರಾತಂಕವಾಗಿ ನಡೆಯುವ ಈ ಹವ್ಯಾಸವನ್ನು ಇಲ್ಲಿಯೂ ಹಾಗೆಯೇ ನಡೆಸಬಹುದೆಂದು ಭಾವಿಸುವುದು ತಪ್ಪಾಗುತ್ತದೆ.

ಪ್ರಭಾವ

ಮನೆ ತಯಾರಿಕೆಯು ಬಿಯರ್ ಉದ್ಯಮದ ಮೇಲೂ ಪರಿಣಾಮ ಬೀರಿದೆ. ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣದಲ್ಲಿ 1976ರಲ್ಲಿ ಮನೆ ಬಿಯರಿನ ಸಾಮಗ್ರಿಗಳ ಅಂಗಡಿ ತೆರೆದಿದ್ದ ಕೆನ್ ಗ್ರಾಸ್‌ಮನ್ ಅವರು ಮುಂದೆ ಸಿಯೆರಾ ನೆವಾಡ ಬ್ರೂವರಿಯ ಸ್ಥಾಪಕರಲ್ಲಿ ಒಬ್ಬರಾದರು. ಅನೇಕ ಹವ್ಯಾಸಿಗಳು ಕಿಟ್‌ನಿಂದ ಆರಂಭಿಸಿ, ಸಾರದೊಂದಿಗೆ ಸ್ವಲ್ಪ ಧಾನ್ಯವನ್ನು ನೆನೆಸಿ ಬಳಸುವ ಹಂತವನ್ನು ದಾಟಿ, ಕೊನೆಗೆ ಪೂರ್ಣ ಧಾನ್ಯದಿಂದಲೇ ತಯಾರಿಸುವ ವಿಧಾನವನ್ನು ತಲುಪುತ್ತಾರೆ. ಸಮಯ ಮತ್ತು ಸ್ಥಳ ಕಡಿಮೆಯಿರುವ ಇನ್ನು ಕೆಲವರು ಕಿಟ್ ವಿಧಾನದಲ್ಲಿಯೇ ಮುಂದುವರಿಯುತ್ತಾರೆ.