ಕಿರಿಯ ಬಯಲು, ನುರಿತ ಕೈ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಕಡಲತಡಿಯ ಊರಿನಲ್ಲಿ, ಉಳುಮೆಗೆ ಒದಗದ ಮರಳುದಿಣ್ಣೆಗಳ ನಡುವೆ, ಕುರಿಗಳು ಮೇದು ಮಟ್ಟಗೊಳಿಸಿದ ಹುಲ್ಲಿನ ಮೇಲೆ ಗಾಲ್ಫ್ ಆಟವು ಬೆಳೆದುಬಂದಿತೆಂಬುದು ಬಲ್ಲವರೆಲ್ಲ ಬಲ್ಲ ಸಂಗತಿ. ಆದರೆ ಆ ಬಯಲಿನ ಉದ್ದಗಲಗಳನ್ನು ಮೊದಲಲ್ಲಿ ಯಾವ ಶಿಲ್ಪಿಯೂ ನಿರ್ಣಯಿಸಲಿಲ್ಲ, ನೆಲವು ಎಲ್ಲಿಗೆ ಮುಗಿಯುತ್ತಿತ್ತೋ ಆಟವೂ ಅಲ್ಲಿಗೇ ಮುಗಿದು ಹಿಂದಿರುಗುತ್ತಿತ್ತು ಎಂಬುದನ್ನು ನೆನೆಯುವವರು ವಿರಳ. 1764ರಲ್ಲಿ ಅಲ್ಲಿಯ ಆಟಗಾರರು, ಮೊದಲ ನಾಲ್ಕು ಕುಳಿಗಳು ತೀರ ಹತ್ತಿರ ಹತ್ತಿರ ಬಿದ್ದಿವೆಯೆಂದು ಅವನ್ನು ಎರಡಾಗಿ ಮಾಡಿ, ಹೋಗುತ್ತಲೂ ಬರುತ್ತಲೂ ಅವೇ ಕುಳಿಗಳನ್ನು ಆಡುತ್ತಿದ್ದುದರಿಂದ ಇಪ್ಪತ್ತೆರಡರ ಸುತ್ತನ್ನು ಹದಿನೆಂಟಕ್ಕೆ ಇಳಿಸಿದರು. ಇಂದು ಜಗತ್ತೆಲ್ಲ ಶಾಸ್ತ್ರವೆಂದು ಮನ್ನಿಸುವ ಸಂಖ್ಯೆ ಹುಟ್ಟಿದ್ದು ಹೀಗೆ, ಒಂದು ಊರಿನ ನೆಲದ ಅನುಕೂಲಕ್ಕಾಗಿ.

ನಮ್ಮ ಕಡೆಗೆ ಈ ಆಟವು ಆಂಗ್ಲರ ಬೆನ್ನ ಹಿಂದೆ ಬಂದಿತು. ಬ್ರಿಟಿಷ್ ದ್ವೀಪಗಳ ಹೊರಗಿನ ಮೊತ್ತಮೊದಲ ಗಾಲ್ಫ್ ಕ್ಲಬ್ಬು ಕಲ್ಕತ್ತೆಯಲ್ಲಿ 1829ರಲ್ಲಿ ಸ್ಥಾಪಿತವಾಯಿತು, ಬೆಂಗಳೂರಿನದು 1876ರಲ್ಲಿ. ಆ ವರ್ಷವನ್ನು ಬರಿಯ ಆಟದ ವರ್ಷವೆಂದು ಬರೆದು ಮುಂದೆ ಹೋಗಲು ನನ್ನ ಮನಸ್ಸು ಒಪ್ಪದು. ಅದು ಧಾತು ಸಂವತ್ಸರ. ಮಳೆ ಕೈಕೊಟ್ಟು, ಎರಡು ವರ್ಷಗಳ ಕಾಲ ಮೈಸೂರು ಸೀಮೆಯನ್ನೂ ಅದಕ್ಕೆ ತಾಗಿದ ಕೊಯಮತ್ತೂರು ಜಿಲ್ಲೆಯನ್ನೂ ಸುಟ್ಟ ಘೋರ ಕ್ಷಾಮವು ಆರಂಭವಾದ ವರ್ಷ. ಮೈಸೂರು ಸಂಸ್ಥಾನವೊಂದರಲ್ಲೇ ಹತ್ತು ಲಕ್ಷದಷ್ಟು ಜನರು ಅದರಲ್ಲಿ ಅಳಿದರೆಂದು ಲೆಕ್ಕ. ಬೆಂಗಳೂರಿನ ಹೈಗ್ರೌಂಡ್ಸಿನ ಎತ್ತರದ ಬಯಲಿನಲ್ಲಿ ಚೆಂಡು ಉರುಳಿದ ಕಾಲದಲ್ಲಿಯೇ ಗಂಜಿಕೇಂದ್ರಗಳ ಮುಂದೆ ಜನರು ಸಾಲುಗಟ್ಟಿ ಕುಳಿತಿದ್ದರೆಂಬುದು ಈ ಚರಿತ್ರೆಯ ಅಂಗವೇ ಸರಿ.

ಆಗ ಆಡುತ್ತಿದ್ದ ಚೆಂಡು ಮಲಯ ದೇಶದ ಒಂದು ಮರದ ಹಾಲಿನಿಂದಾದ ಗಟಾಪರ್ಚದ ಗಟ್ಟಿ ಚೆಂಡು. 1848ರ ಸುಮಾರಿಗೆ ಅದು ಬಂದು, ತೊಗಲಿನ ಚೀಲದಲ್ಲಿ ಬೇಯಿಸಿದ ಪುಕ್ಕಗಳನ್ನು ತುರುಕಿ ಹೊಲಿಯುತ್ತಿದ್ದ ಹಳೆಯ ಚೆಂಡನ್ನು ಮೂಲೆಗೆ ತಳ್ಳಿತ್ತು. 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ಎಂಬಾತನು ರಬ್ಬರಿನ ಎಳೆಯನ್ನು ಬಿಗಿಯಾಗಿ ಸುತ್ತಿ ಮಾಡಿದ ಚೆಂಡು ಅದಕ್ಕಿಂತ ಬಹು ದೂರ ಹಾರಿತು. 1902ರಲ್ಲಿ ಸ್ಯಾಂಡಿ ಹರ್ಡನು ಅದೇ ಚೆಂಡಿನಿಂದ ಬ್ರಿಟಿಷ್ ಓಪನ್ ಪಂದ್ಯವನ್ನು ಗೆದ್ದ ಬಳಿಕ ಹಳೆಯದಕ್ಕೆ ಗಿರಾಕಿಗಳೇ ಉಳಿಯಲಿಲ್ಲ. 1929ರಲ್ಲಿ ಕೋಲಿನ ಉಕ್ಕಿನ ದಂಡಕ್ಕೆ ಬ್ರಿಟನ್ನಿನಲ್ಲಿ ಸಮ್ಮತಿ ದೊರೆಯಿತು. ಆಮೇಲೆ ಕೋಲಿನ ತಲೆಗೆ ಟೈಟೇನಿಯಂ ಬಂದಿತು. ಹೀಗೆ ಉಪಕರಣವು ಬೆಳೆಯುತ್ತ ಹೋದಂತೆ, ನೆಲವುಳ್ಳವರು ನೆಲವನ್ನೂ ಬೆಳೆಸಿದರು. ಅಮೆರಿಕದ ಆಗಸ್ಟಾ ಕ್ಲಬ್ಬು 2017ರಲ್ಲಿ ನೆರೆಯ ಕ್ಲಬ್ಬಿನಿಂದ ಜಮೀನನ್ನು ಕೊಂಡು, 2023ರ ವೇಳೆಗೆ ತನ್ನ ಹದಿಮೂರನೆಯ ಕುಳಿಯ ಹಾದಿಯನ್ನು 510 ಗಜದಿಂದ 545ಕ್ಕೆ ಉದ್ದ ಮಾಡಿತು.

ಬೆಂಗಳೂರಿಗೆ ಆ ಭಾಗ್ಯವಿರಲಿಲ್ಲ. ಅದು ಒಂದು ಬಗೆಯ ಪುಣ್ಯವೆಂದೇ ನಾನು ತಿಳಿಯುತ್ತೇನೆ. ಸ್ಯಾಂಕಿ ರಸ್ತೆಯ ಇಕ್ಕೆಲಗಳಲ್ಲಿ ನಗರವು ಬೆಳೆದು ನಿಂತು, ಮೈದಾನದ ಒಳಗೆ ಏನು ತಿದ್ದಿದರೂ ಎಲ್ಲೆಯನ್ನು ವಿಸ್ತರಿಸುವಂತಿಲ್ಲವಾಗಿ, ಏಳು ಸಾವಿರ ಗಜವನ್ನು ಮೀರುವ ಇಂದಿನ ಸ್ಪರ್ಧಾ ಮೈದಾನಗಳ ಎದುರಿಗೆ ಅದು ಗಿಡ್ಡ ಮೈದಾನವಾಗಿ ಉಳಿಯಿತು. ಗಿಡ್ಡದಾದುದು ಸುಲಭವಾಗಲಿಲ್ಲ. ಹಾದಿ ಇಕ್ಕಟ್ಟಾದಲ್ಲಿ ಭುಜಬಲವು ಸೋತು ಅಳತೆಯು ಗೆಲ್ಲುತ್ತದೆ. ಮರವನ್ನು ಬಳಸಿ ಹೋಗುವುದೋ, ಹಿಂದೆಯೇ ನಿಲ್ಲಿಸಿ ಮುಂದಿನ ಹೊಡೆತಕ್ಕೆ ಒಳ್ಳೆಯ ಜಾಗವನ್ನು ಗಳಿಸುವುದೋ ಎಂಬ ವಿವೇಚನೆಯೇ ಆಟವಾಗುತ್ತದೆ. ಸಾಹೇಬರ ಚೀಲವನ್ನು ಹೊತ್ತು ಹಿಂದೆ ನಡೆದ ಕ್ಯಾಡಿಗಳು ಈ ವಿವೇಚನೆಯನ್ನು ಯಾರ ಪಾಠವೂ ಇಲ್ಲದೆ ಕಣ್ಣಿನಿಂದಲೇ ಕಲಿತರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಮೊದಲುಮಾಡಿದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದುದು ನನ್ನ ದೃಷ್ಟಿಯಲ್ಲಿ ಈ ನಾಡಿನ ಗಾಲ್ಫ್ ಚರಿತ್ರೆಯ ಅತ್ಯಂತ ಗೌರವದ ಪುಟ.

ಇದೇ ಕಥೆಯು ಇನ್ನೊಂದು ಖಂಡದಲ್ಲಿ, ಕೋಲೂ ಚೆಂಡೂ ಇಲ್ಲದ ಒಂದು ಆಟದಲ್ಲಿ, ಅರುವತ್ತು ವರ್ಷಗಳೊಳಗೆ ಮತ್ತೊಮ್ಮೆ ನಡೆದುಹೋಯಿತು. ಕೆನಡದ ಸಸ್ಕಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಹಳ್ಳಿಯ ಶಾಲಾಬಾಲಕರು 1926ರಲ್ಲಿ ಡಬ್ಬಿಯ ಮುಚ್ಚಳಗಳನ್ನು ನೆಲದಲ್ಲಿ ಗೀಚಿದ ವೃತ್ತಗಳೊಳಕ್ಕೆ ಎಸೆದು ಗಾಲ್ಫ್ ಆಡಿದರು; ಅದು ಅವರೊಡನೆಯೇ ಮರೆಯಾಯಿತು. ಫ್ರೆಡ್ ಮಾರಿಸನ್ ಎಂಬಾತನು ರೂಪಿಸಿದ ಪ್ಲಾಸ್ಟಿಕ್ ತಟ್ಟೆಯನ್ನು 1957ರಲ್ಲಿ ವ್ಯಾಮ್-ಓ ಕಂಪನಿಯು ಮಾರುಕಟ್ಟೆಗೆ ತಂದು ಫ್ರಿಸ್ಬೀ ಎಂದು ಹೆಸರಿಟ್ಟಿತು. ಆ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬಾತನು 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ, ಬಾಹ್ಯಾಕಾಶಕ್ಕೆ ನೌಕೆಗಳನ್ನು ಕಳುಹಿಸುವ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನೆರೆಯಲ್ಲಿಯೇ, ಡಿಸ್ಕ್ ಗಾಲ್ಫಿನ ಮೊದಲ ಸ್ಥಾಯಿ ಮೈದಾನವನ್ನು ಹೂಡಿದನು. ಮೊದಲಿಗೆ ಗುರಿಯಾಗಿದ್ದುವು ಬರಿಯ ಕಂಬಗಳು. ತಟ್ಟೆಯು ಕಂಬಕ್ಕೆ ತಗುಲಿತೋ ಇಲ್ಲವೋ ಎಂಬ ಜಗಳವು ಬಗೆಹರಿಯದಾಗಿ, ಆತನು ಕಂಬದ ತಲೆಯಿಂದ ಸರಪಣಿಗಳನ್ನು ಇಳಿಬಿಟ್ಟು ಕೆಳಗೆ ಒಂದು ಬುಟ್ಟಿಯನ್ನು ಜೋಡಿಸಿದನು; ಬಂದ ತಟ್ಟೆಯ ವೇಗವನ್ನು ಸರಪಣಿಗಳು ನುಂಗಿಕೊಳ್ಳುವುವು, ತಟ್ಟೆಯು ಝಣತ್ಕಾರದೊಡನೆ ಬುಟ್ಟಿಗೆ ಬೀಳುವುದು. ಆ ಯುಕ್ತಿಗೆ 1977ರಲ್ಲಿ ಪೇಟೆಂಟ್ ದೊರೆಯಿತು.

ಅನಂತರ 1983ರಲ್ಲಿ ಡೇವ್ ಡನಿಪೇಸ್ ಎಂಬಾತನು ತಟ್ಟೆಯ ದುಂಡಗಿನ ಅಂಚನ್ನು ಓರೆಯಾಗಿ ಚೂಪುಗೊಳಿಸಿದ ಹೊಸ ಆಕಾರವನ್ನು ಕಲ್ಪಿಸಿದನು. ಗಾಳಿಯನ್ನು ಸೀಳುವ ಆ ಅಂಚಿನಿಂದ ಎಸೆತದ ದೂರವು ಬಹಳವಾಗಿ ಹೆಚ್ಚಿತು. ಫ್ರಿಸ್ಬೀಯ ಅಳವಿಗೆ ತಕ್ಕಂತೆ ಹೂಡಿದ್ದ ಮೊದಲ ತಲೆಮಾರಿನ ಮೈದಾನಗಳು ಒಮ್ಮೆಗೇ ಗಿಡ್ಡವಾದುವು. ರಬ್ಬರಿನ ಚೆಂಡು ಗಾಲ್ಫಿಗೆ ಮಾಡಿದುದನ್ನೇ ಈ ಅಂಚು ಡಿಸ್ಕ್ ಗಾಲ್ಫಿಗೆ ಮಾಡಿತು.

ಆದರೂ ಅಂತಹ ಗಿಡ್ಡ ಮೈದಾನದಲ್ಲಿ, ಮರಗಳ ನಡುವಣ ಹಾದಿಯಲ್ಲಿ, ನುರಿತ ಆಟಗಾರನು ಏನು ಮಾಡುತ್ತಾನೆಂಬುದನ್ನು ಗಮನಿಸಿ ನೋಡಬೇಕು. ಬುಟ್ಟಿಯು ಇನ್ನೂರಡಿ ದೂರದಲ್ಲಿದೆ. ನಡುವೆ ಎರಡು ಮರಗಳು, ಮೇಲೆ ತಗ್ಗಾಗಿ ಚಾಚಿದ ಕೊಂಬೆಗಳು. ದೂರ ಹಾರುವ ಚೂಪಂಚಿನ ಡ್ರೈವರ್ ಎಂಬ ತಟ್ಟೆಯನ್ನು ಆತನು ಚೀಲದಲ್ಲಿಯೇ ಬಿಟ್ಟು, ಮೊಂಡು ಅಂಚಿನ ಪಟರ್ ಎಂಬ ತಟ್ಟೆಯನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಬಲಗೈಯವನು ಎದೆಯ ಮುಂದಿನಿಂದ ಬೀಸಿ ಬಿಟ್ಟ ತಟ್ಟೆಯು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತ ಸಾಗಿ, ವೇಗವು ತಗ್ಗಿದಾಗ ಎಡಕ್ಕೆ ವಾಲಿ ಇಳಿಯುತ್ತದೆ; ಕೈಬಿಡುವಾಗ ಹೊರ ಅಂಚನ್ನು ಕೊಂಚ ಕೆಳಗೆ ಬಾಗಿಸಿದರೆ ಮೊದಲಿನಿಂದಲೇ ಎಡಕ್ಕೆ ಬಳಸುತ್ತದೆ, ಮೇಲಕ್ಕೆತ್ತಿದರೆ ಬಲಕ್ಕೆ. ಯಾವ ಮರದ ಬಳಿಯಲ್ಲಿ ವೇಗವು ಸಾಯಬೇಕೆಂಬುದನ್ನು ಆತನು ಮುಂಚಿತವಾಗಿ ಗೊತ್ತುಮಾಡಿಕೊಂಡು, ಅದರಿಂದ ಹಿಂದಕ್ಕೆ ಎಣಿಸುತ್ತ ಮಣಿಕಟ್ಟಿನ ಓರೆಯನ್ನು ನಿಶ್ಚಯಿಸುತ್ತಾನೆ. ಬುಟ್ಟಿಗೆ ಹತ್ತು ಮೀಟರಿನೊಳಗೆ ಬಂದ ಮೇಲೆ ನಿಯಮವು ಮತ್ತೂ ಬಿಗಿ: ಎಸೆದ ಬಳಿಕ ಮುಂದಕ್ಕೆ ಮುಗ್ಗರಿಸದೆ, ನಿಂತ ತಾಣದ ಹಿಂದೆಯೇ ಮೈಯ ಸಮತೋಲವನ್ನು ತೋರಿ, ಆಮೇಲೆ ಹೆಜ್ಜೆಯಿಡಬೇಕು. ಮುನ್ನೂರೈವತ್ತು ಅಡಿ ಎಸೆಯಬಲ್ಲ ತೋಳು ಈ ಹಾದಿಯಲ್ಲಿ ಹೆಚ್ಚಿನ ಉಪಯೋಗಕ್ಕೆ ಬಾರದು.

ಇಂತಹ ಆಟಕ್ಕೆ ಒಗ್ಗುವ ಬಯಲು ನಮ್ಮ ನೆರೆಯಲ್ಲಿಯೂ ಇರುವುದರಿಂದ, ಕೊಯಮತ್ತೂರಿನ ಕಡೆಯ ಕೊಂಗುನಾಡಿನ ಕುನ್ನತ್ತೂರಿನ ಮಾತನ್ನು ಇಲ್ಲಿ ತರುತ್ತಿದ್ದೇನೆ. 1799ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದು, ಇಂದಿಗೂ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡವನ್ನು ಉಳಿಸಿಕೊಂಡಿರುವ ಆ ಸೀಮೆಯಲ್ಲಿ, ಕುನ್ನತ್ತೂರಿನಿಂದ ಊತ್ತುಕುಳಿಯನ್ನು ದಾಟಿ ದಕ್ಷಿಣಕ್ಕೆ ಕಾಂಗೇಯಂ, ಧಾರಾಪುರಗಳ ಕಡೆಗೆ ಹೋದಂತೆ, ಕೊರಂಗಾಡು ಎಂಬ ಮೇವಿನ ಬಯಲುಗಳು ಕಾಣಸಿಗುತ್ತವೆ. ಅಲ್ಲಿಯವರು ಕಿಳುವೈ ಎನ್ನುವ ಮುಳ್ಳುಗಿಡದ ಜೀವಂತ ಬೇಲಿ. ಒಳಗೆ ಮಳೆಯ ನೀರಿಗೇ ಬೆಳೆಯುವ ಹುಲ್ಲು. ಅಲ್ಲಲ್ಲಿ ಬಿಳಿಜಾಲಿಯ ಮರಗಳು. ಬೇಲಿ ಭದ್ರವಾಗಿರುವುದರಿಂದ ಕಾಂಗೇಯಂ ತಳಿಯ ದನಗಳು ಕಾಯುವವರಿಲ್ಲದೆಯೇ ಅಲ್ಲಿ ಮೇಯುತ್ತವೆ. ಪಾಳೆಯಕೋಟೆಯ ಪಟ್ಟಗಾರರ ಮನೆತನವು ಆ ತಳಿಯನ್ನು ಬೆಳೆಸಿದುದಕ್ಕೆ ಆಧಾರವಾದದ್ದು ಈ ಹುಲ್ಲೇ.

ಸೇಂಟ್ ಆಂಡ್ರೂಸಿನ ಕುರಿಬಯಲಿಗೆ ಇದಕ್ಕಿಂತ ಹತ್ತಿರದ ಬಂಧುವನ್ನು ನಮ್ಮ ಸೀಮೆಗಳಲ್ಲಿ ನಾನು ಕಾಣೆ. ಚೆಂಡಿನ ಗಾಲ್ಫು ಇಲ್ಲಿ ನೀರನ್ನೂ ಕತ್ತರಿಸಿದ ಹುಲ್ಲನ್ನೂ ಬೇಡೀತು. ತಟ್ಟೆಯ ಗಾಲ್ಫಿಗೆ ಎರಡೂ ಬೇಡ. ಒಂಬತ್ತು ಕಂಬಗಳಿಗೆ ಒಂಬತ್ತು ಗುಂಡಿಗಳನ್ನು ತೋಡಿದರೆ ಸಾಕು. ಒಂದು ಮರವನ್ನೂ ಕಡಿಯಬೇಕಿಲ್ಲ, ಬಿಳಿಜಾಲಿಗಳೇ ಹಾದಿಯನ್ನು ಇಕ್ಕಟ್ಟುಗೊಳಿಸುತ್ತವೆ, ಕಿಳುವೈ ಬೇಲಿಯೇ ಎಲ್ಲೆಯಾಗುತ್ತದೆ. ಮುಳ್ಳಿಗೆ ಸಿಕ್ಕ ತಟ್ಟೆಯನ್ನು ಬಿಡಿಸುವುದು ಕಷ್ಟ, ಕಾಲಿಗೆ ಗಟ್ಟಿ ಚಪ್ಪಲಿ ಬೇಕು, ದನ ಮೇಯುವ ಹೊತ್ತನ್ನು ಬಿಟ್ಟು ಆಡಬೇಕು. ಬಯಲನ್ನು ಪಾಲಿಸಿಕೊಂಡು ಬಂದ ರೈತನ ಅನುಮತಿಯಿಂದ, ಆತನಿಗೆ ಸಲ್ಲಬೇಕಾದ ಬಾಡಿಗೆಯನ್ನು ಸಲ್ಲಿಸಿ, ಇದು ನಡೆಯಬಲ್ಲುದೆಂದು ನಾನು ದೃಢವಾಗಿ ನಂಬುತ್ತೇನೆ.