ಹಂದಿಗೋಡು ಕಾಯಿಲೆ: ಚಿಕಿತ್ಸೆಯ ಜೊತೆಗೆ ನ್ಯಾಯದ ಪ್ರಶ್ನೆ

ಹುಂಚ ಎಂದಾಕ್ಷಣ ನಮಗೆಲ್ಲ ನೆನಪಾಗುವುದು ಅಲ್ಲಿನ ಜೈನ ಬಸದಿಗಳು. ಅದೇ ಮಲೆನಾಡಿನ ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಮೂಳೆ-ಕೀಲುಗಳ ಕಾಯಿಲೆಯೊಂದು ಬೆಳಕಿಗೆ ಬಂತು. ಊರಿನ ಹೆಸರೇ ಕಾಯಿಲೆಗೂ ಅಂಟಿಕೊಂಡಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದಕ್ಕೆ ತುತ್ತಾದವರು ಬಹುತೇಕ ಚನ್ನಂಗಿ ಮತ್ತು ಛಲವಾದಿ ಎಂಬ ದಲಿತ ಸಮುದಾಯಗಳ ಬಡವರು.

ಕಾಯಿಲೆಯ ಸ್ವರೂಪ

ಸೊಂಟ ಮತ್ತು ಮಂಡಿಗಳಲ್ಲಿ ನೋವು ಆರಂಭವಾಗಿ ಕ್ರಮೇಣ ಕೀಲು ಸವೆಯುತ್ತದೆ. ಕೆಲವರ ಬೆಳವಣಿಗೆ ಕುಂಠಿತವಾಗುತ್ತದೆ. ಕೆಲವರು ನಡೆಯಲಾರದ ಸ್ಥಿತಿ ತಲುಪುತ್ತಾರೆ. ಕೀಟನಾಶಕ ಬೆರೆತ ಗದ್ದೆಯ ಏಡಿ-ಮೀನು ತಿಂದದ್ದೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಇದು ವಂಶಪಾರಂಪರ್ಯವಾಗಿ ಬರುವುದೆಂದು ನಂತರದ ಅಧ್ಯಯನಗಳು ತಿಳಿಸಿದವು. ಬುಡಸಹಿತ ಗುಣಪಡಿಸುವ ಔಷಧಿ ಇಲ್ಲ.

ಚಿಕಿತ್ಸಕರ ಮುಂದಿರುವ ಪ್ರಶ್ನೆ

ಆದ್ದರಿಂದಲೇ ಇಂತಹ ಕಡೆ ಆಕ್ಯುಪೇಷನಲ್ ಥೆರಪಿಗೆ ಮಹತ್ವವಿದೆ. ಸ್ನಾನ, ಅಡುಗೆ, ದುಡಿಮೆ ಮುಂತಾದ ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಮಾಡಿಕೊಳ್ಳುವಂತೆ ನೆರವಾಗುವ ಚಿಕಿತ್ಸೆ ಇದು. "ಬಗ್ಗಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಭಾರ ಹೊರಬೇಡಿ" ಎಂಬ ಸಲಹೆ ಕೀಲಿನ ದೃಷ್ಟಿಯಿಂದ ಸರಿ. ಆದರೆ ನಾಟಿ ನೆಟ್ಟು, ಕಳೆ ಕಿತ್ತು ಕೂಲಿ ಪಡೆಯುವ ತಾಯಿಗೆ ಅದರ ಅರ್ಥ "ನಾಳೆ ಒಲೆ ಹಚ್ಚಬೇಡಿ" ಎಂದೇ. ಸಲಹೆ ಪಾಲಿಸಲಿಲ್ಲವೆಂದು ಆಕೆಯನ್ನು ದೂರುವುದು ನ್ಯಾಯವೇ?

ಘಟ್ಟದ ಮೇಲಾಗಲಿ, ನಮ್ಮ ಕರಾವಳಿಯಲ್ಲಾಗಲಿ, ಇಂಥ ಸಂದರ್ಭದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು:

1. ಆಕೆಯನ್ನು ತಡೆಯುತ್ತಿರುವುದು ಕೀಲು ಮಾತ್ರವೇ, ಅಥವಾ ಭೂಮಿಯಿಲ್ಲದಿರುವುದು, ದಾರಿಯಿಲ್ಲದಿರುವುದು, ಜಾತಿಯ ಕಾರಣಕ್ಕೆ ದೂರವಿಟ್ಟಿರುವುದೂ ಸೇರಿದೆಯೇ?
2. ನಮ್ಮ ಸಲಹೆಯ ಬೆಲೆ ತೆರುವವರು ಯಾರು?
3. ಆಕೆಗೆ ಏನು ಬೇಕೆಂದು ಆಕೆಯನ್ನೇ ಕೇಳಿದ್ದೇವೆಯೇ?

ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟವು 2006ರಲ್ಲಿಯೇ ಮಾನವ ಹಕ್ಕುಗಳನ್ನು ಈ ವೃತ್ತಿಯ ಹೊಣೆಯೊಳಗೆ ಸೇರಿಸಿದೆ. ಅಂದರೆ ವ್ಯಾಯಾಮ ಕಲಿಸಿದಲ್ಲಿಗೆ ಚಿಕಿತ್ಸಕರ ಕೆಲಸ ಮುಗಿಯುವುದಿಲ್ಲ.

ನಮ್ಮಿಂದಾಗುವುದೇನು?

ಕುಳಿತು ಮಾಡಬಹುದಾದ ದುಡಿಮೆ, ಎತ್ತರದ ಒಲೆಕಟ್ಟೆ, ಕೂರಲು ಅನುಕೂಲವಾದ ಶೌಚಾಲಯ, ಊರುಗೋಲು – ಇವು ಸಣ್ಣ ಸಂಗತಿಗಳಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಚಲನಾ ವೈಕಲ್ಯದೊಂದಿಗೆ ಕುಬ್ಜತೆಯೂ ಸೇರಿದೆ. ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ನಡೆಯಲಾರದವರ ಪರವಾಗಿ ಅರ್ಜಿ ತುಂಬಿಸಿ, ಆಸ್ಪತ್ರೆಗೆ ಜೊತೆಯಾಗಿ ಹೋಗುವುದು ನಮ್ಮ ಕಾರ್ಯಕರ್ತರಿಂದ ಸಾಧ್ಯ. ಕಾಯಿಲೆ ವಂಶದಿಂದ ಬಂತೆಂದು ಮನೆತನವನ್ನು ಹಳಿಯುವ ಮಾತು ಮಾತ್ರ ನಮ್ಮ ಬಾಯಿಂದ ಬಾರದಿರಲಿ. ಕಾಯಿಲೆ ಯಾರ ತಪ್ಪೂ ಅಲ್ಲ. ಅವರನ್ನು ಒಂಟಿಯಾಗಿ ಬಿಟ್ಟರೆ ಅದು ನಮ್ಮೆಲ್ಲರ ತಪ್ಪು.