ಮೆಣಸಿನ ವ್ಯಾಪಾರಿಗಳ ವೆನಿಸ್ ಬಿಡಾರ

ಬೆಂಗಳೂರಿಗೆ ಎರಡು ಮೂರು ತಿಂಗಳ ಕೆಲಸದ ಮೇಲೆ ಬರುವ ಹೊರದೇಶದವರಲ್ಲಿ ಹಲವರು ಈಗ ಹೋಟೆಲು ಬಿಟ್ಟು ಸರ್ವೀಸ್ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ. ಮಲಗಲು ಕೋಣೆ, ಅಡುಗೆಮನೆ, ಗುಡಿಸಿ ಒರೆಸಲು ಆಳು. ಮನೆಯ ಸೌಕರ್ಯ ಉಂಟು, ಮನೆ ನಡೆಸುವ ತಾಪತ್ರಯವಿಲ್ಲ. ಆದರೆ ಬಂದವರ ಪಾಸ್‌ಪೋರ್ಟಿನ ವಿವರವನ್ನು ಮಾಲೀಕರು ಸರ್ಕಾರಕ್ಕೆ ಒಪ್ಪಿಸಲೇಬೇಕು. ಹೊಸ ಕಾಲದ್ದೆನಿಸುವ ಈ ಏರ್ಪಾಡಿನ ಹಿರಿಯಜ್ಜನಂಥ ಕಟ್ಟಡವೊಂದು ಇಟಲಿಯ ವೆನಿಸ್ ನಗರದಲ್ಲಿ, ರಿಯಾಲ್ಟೊ ಸೇತುವೆಯ ಮಗ್ಗುಲಲ್ಲೇ ಇದೆ. ಅದರ ಹೆಸರು ಫೊಂದಾಕೊ ದೇಯ್ ತೆದೆಸ್ಕಿ, ಅಂದರೆ ಜರ್ಮನರ ಬಿಡಾರ.

‘ಫೊಂದಾಕೊ’ ಇಟಲಿಯ ಮೂಲಪದವಲ್ಲ. ಅರಬ್ಬಿಯ ‘ಫುಂದುಕ್’ನಿಂದ ಬಂದದ್ದು, ಅರಬ್ಬಿಗೂ ಅದು ಗ್ರೀಕಿನಿಂದ ಬಂದ ಸಾಲ. ಅಲೆಕ್ಸಾಂಡ್ರಿಯಕ್ಕೆ ಸಾಂಬಾರ ಪದಾರ್ಥ ಕೊಳ್ಳಲು ಹೋಗುತ್ತಿದ್ದ ವೆನಿಸ್ಸಿನ ವರ್ತಕರು ಅಲ್ಲಿನ ಫುಂದುಕ್‌ಗಳಲ್ಲಿ ತಂಗುತ್ತಿದ್ದರು. ರಾತ್ರಿಯಾದರೆ ಅಲ್ಲಿನ ಅಧಿಕಾರಿಗಳು ಬಾಗಿಲಿಗೆ ಬೀಗ ಜಡಿಯುತ್ತಿದ್ದರು. ತಾವು ಪರದೇಶದಲ್ಲಿ ಅನುಭವಿಸಿದ್ದನ್ನೇ ವೆನಿಸ್ಸಿನವರು 13ನೆಯ ಶತಮಾನದಲ್ಲಿ ತಮ್ಮೂರಿಗೆ ಬಂದ ಜರ್ಮನರಿಗೆ ಉಣಬಡಿಸಿದರು.

ಆಲ್ಪ್ಸ್ ಪರ್ವತ ದಾಟಿ ನ್ಯೂರೆಂಬರ್ಗ್, ಆಗ್ಸ್‌ಬರ್ಗ್, ರೇಗೆನ್ಸ್‌ಬರ್ಗ್‌ಗಳಿಂದ ಬೆಳ್ಳಿ, ತಾಮ್ರ, ಬಟ್ಟೆ ಹೊತ್ತು ಬರುತ್ತಿದ್ದ ವರ್ತಕರು ಇಲ್ಲಿಯೇ ಇಳಿದುಕೊಳ್ಳಬೇಕೆಂಬುದು ಕಟ್ಟಾಜ್ಞೆ. ಕೆಳಗೆ ಉಗ್ರಾಣ, ಮೇಲೆ ಅಂಕಣದ ಸುತ್ತ ಕಮಾನಿನ ಮೊಗಸಾಲೆಗಳು, ಅವುಗಳ ಹಿಂದೆ ಬಾಡಿಗೆಯ ಕೋಣೆಗಳು. ಸಾಮಾನು ತೂಗುವವರು, ಮೂಟೆ ಕಟ್ಟುವವರು, ಗುಮಾಸ್ತರು ಎಲ್ಲರೂ ಅಲ್ಲೇ. ಊಟದ ಮೇಜುಗಳು ಸಹ ನ್ಯೂರೆಂಬರ್ಗಿನವರದು, ರೇಗೆನ್ಸ್‌ಬರ್ಗಿನವರದು ಎಂದು ಬೇರೆ ಬೇರೆ. ನಮ್ಮ ಪಂಕ್ತಿಭೇದ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಎಳೆಯ ಹುಡುಗರನ್ನು ಭಾಷೆ, ಲೆಕ್ಕಪತ್ರ ಕಲಿಯಲೆಂದು ವೆನಿಸ್ಸಿಗೆ ಕಳಿಸುವ ರೂಢಿಯೂ ಇತ್ತು. ಮುಂದೆ ಯೂರೋಪಿನ ದೊರೆಗಳಿಗೇ ಸಾಲ ಕೊಟ್ಟ ಯಾಕೋಬ್ ಫುಗ್ಗರ್ ಹೀಗೆ ಪಳಗಿದವನು.

ಸೌಕರ್ಯದ ಬೆಲೆಯನ್ನು ಅವರು ಬಾಡಿಗೆಯಲ್ಲಷ್ಟೇ ತೆರುತ್ತಿರಲಿಲ್ಲ. ವ್ಯಾಪಾರ ಕುದುರಬೇಕಾದದ್ದು ವೆನಿಸ್ಸಿನವರೊಂದಿಗೆ ಮಾತ್ರ, ಅದೂ ಸರ್ಕಾರ ನೇಮಿಸಿದ ದಲ್ಲಾಳಿಯ ಎದುರಿನಲ್ಲಿ. ಸರಕು ಮಾರಿ ಬಂದ ಹಣವನ್ನು ಗಂಟು ಕಟ್ಟಿಕೊಂಡು ಹೋಗುವಂತಿಲ್ಲ, ಮೆಣಸೋ ರೇಷ್ಮೆಯೋ ಹತ್ತಿಯೋ ಕೊಂಡೇ ಹೋಗಬೇಕು. ಪೂರ್ವದೇಶಗಳೊಂದಿಗೆ ನೇರ ವ್ಯಾಪಾರಕ್ಕೆ ಅವರಿಗೆ ಅಪ್ಪಣೆ ಇರಲಿಲ್ಲ. ರಾತ್ರಿ ಬಾಗಿಲು ಹಾಕುತ್ತಿದ್ದರು. ಇಷ್ಟಾದರೂ ಜರ್ಮನರು ಬರುತ್ತಲೇ ಇದ್ದರು. ಮಲಬಾರು, ಕೆನರಾ ತೀರದ ಮೆಣಸು ಸಲೀಸಾಗಿ ಸಿಗುವ ಬೇರೆ ದೊಡ್ಡ ಪೇಟೆ ಅವರಿಗೆ ಹತ್ತಿರದಲ್ಲಿರಲಿಲ್ಲ.

ಈ ನೆಮ್ಮದಿ ಕದಡಿದ್ದು ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿದ ಮೇಲೆ. ಇನ್ನು ಜರ್ಮನರು ಮೆಣಸಿಗಾಗಿ ಲಿಸ್ಬನ್ನಿಗೆ ಹೋದಾರೆಂದು ವೆನಿಸ್ಸಿನ ವರ್ತಕರ ಎದೆ ನಡುಗಿತು. ಅದೇ ಹೊತ್ತಿನಲ್ಲಿ, 1505ರ ಜನವರಿಯಲ್ಲಿ ಬಿಡಾರ ಬೆಂಕಿಗೆ ತುತ್ತಾಯಿತು. ಅಂದು ಕೈಕಟ್ಟಿ ಕೂರುವುದು ಸುಲಭವಿತ್ತು. ಹಾಗಾಗಲಿಲ್ಲ, ಗಣರಾಜ್ಯ ತನ್ನ ಖರ್ಚಿನಲ್ಲೇ ಹೆಚ್ಚು ವಿಶಾಲವಾದ ಬಿಡಾರವನ್ನು 1508ರ ಹೊತ್ತಿಗೆ ಎಬ್ಬಿಸಿ ನಿಲ್ಲಿಸಿತು. ಕಟ್ಟಿಹಾಕಿ ಇಟ್ಟುಕೊಂಡಿದ್ದ ಅತಿಥಿಯನ್ನು ಈಗ ಓಲೈಸಬೇಕಾಗಿತ್ತು.

ಅತಿಥಿಯ ಚಿತ್ತ ಆಗಲೇ ಬೇರೆಡೆ ಹರಿದಿತ್ತು. ಅದೇ 1505ರಲ್ಲಿ ಫ್ರಾನ್ಸಿಸ್ಕೊ ಡ ಅಲ್ಮೇಡನ ನೇತೃತ್ವದಲ್ಲಿ ಲಿಸ್ಬನ್ ಬಿಟ್ಟ ನೌಕಾಪಡೆಯಲ್ಲಿ ವೆಲ್ಸರ್, ಫುಗ್ಗರ್ ಮುಂತಾದ ಜರ್ಮನ್ ಮನೆತನಗಳು ಹಣ ಹೂಡಿದ್ದ ಮೂರು ಹಡಗುಗಳಿದ್ದವು. ಆ ಪಡೆ ಸೆಪ್ಟೆಂಬರಿನಲ್ಲಿ ಕಾರವಾರದ ಸಮೀಪದ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿತು, ಅಕ್ಟೋಬರಿನಲ್ಲಿ ಹೊನ್ನಾವರದ ಮೇಲೆ ದಾಳಿ ಮಾಡಿತು. ವೆನಿಸ್ಸಿನಲ್ಲಿ ಕೋಣೆ ಬಾಡಿಗೆ ಹಿಡಿಯುತ್ತಿದ್ದವರ ದುಡ್ಡು ನಮ್ಮ ಉತ್ತರ ಕನ್ನಡದ ಕಡಲಿಗೆ ಬಂದಿಳಿದದ್ದು ಹೀಗೆ.

ಹೊಸ ಕಟ್ಟಡಕ್ಕೆ ಅಮೃತಶಿಲೆಯ ಕೆತ್ತನೆ ಕೂಡದೆಂದು ಸರ್ಕಾರ ತಾಕೀತು ಮಾಡಿತ್ತು. ಬೋಳು ಗೋಡೆಗೆ ಚಿತ್ರವೇ ಅಲಂಕಾರ. ಕಾಲುವೆಯ ಕಡೆಯ ಮುಖಕ್ಕೆ ಜಾರ್ಜೋನೆ, ಬೀದಿಯ ಕಡೆಗೆ ತರುಣ ಟಿಷಿಯನ್ ಬಣ್ಣ ಹಾಕಿದರು. ಜಾರ್ಜೋನೆಯ ಸಂಭಾವನೆಯ ವಿಷಯಕ್ಕೆ ತಕರಾರೆದ್ದು, ಹಿರಿಯ ಕಲಾವಿದ ಜೊವಾನಿ ಬೆಲ್ಲಿನಿ ಆರಿಸಿದ ಚಿತ್ರಕಾರರು 150 ಡ್ಯೂಕಟ್ ಬೆಲೆ ಕಟ್ಟಿದರು. ಕೊನೆಗೆ ಕೈಸೇರಿದ್ದು 130. ಚೌಕಾಸಿಯ ಮನೆಯಲ್ಲಿ ಚಿತ್ರಕ್ಕೂ ಚೌಕಾಸಿ! ಟಿಷಿಯನ್ ಜಾಣ. ಇದೇ ಬಿಡಾರದ ದಲ್ಲಾಳಿ ಹುದ್ದೆಯೊಂದನ್ನು ಅರ್ಜಿ ಹಾಕಿ ಗಿಟ್ಟಿಸಿಕೊಂಡ. ದಲ್ಲಾಳಿತನ ಮಾಡದೆಯೇ ಅದರ ವರಮಾನ ಉಂಡ. ಜರ್ಮನ್ ವರ್ತಕರೂ ಹಿಂದೆ ಬೀಳಲಿಲ್ಲ. ಊರಿಗೆ ಬಂದಿದ್ದ ಆಲ್ಬ್ರೆಖ್ಟ್ ಡ್ಯೂರರ್‌ನಿಂದ 1506ರಲ್ಲಿ ಪಕ್ಕದ ಸಾನ್ ಬಾರ್ತೊಲೊಮೆಯೊ ಚರ್ಚಿಗೆ ದೊಡ್ಡ ಚಿತ್ರವೊಂದನ್ನು ಬರೆಸಿದರು. ಅದು ಈಗ ಪ್ರಾಗ್‌ನಲ್ಲಿದೆ.

ವೆನಿಸ್ ಹೆದರಿದಂತೆ ಎಲ್ಲವೂ ಮುಳುಗಲಿಲ್ಲ. 16ನೆಯ ಶತಮಾನದ ನಡುವೆ ಕೆಂಪು ಸಮುದ್ರದ ದಾರಿಯ ಮೆಣಸು ಮತ್ತೆ ಚೇತರಿಸಿಕೊಂಡಿತು, ಜರ್ಮನರ ಬಿಡಾರವೂ ನಡೆಯಿತು. 1621ರಲ್ಲಿ ತುರ್ಕರಿಗೂ ಅಂಥದ್ದೇ ಒಂದನ್ನು ತೆರೆದರು. ಜರ್ಮನರ ಬಿಡಾರ ಮುಚ್ಚಿದ್ದು ನೆಪೋಲಿಯನ್ನನ ಆಡಳಿತದಲ್ಲಿ, 1806ರಲ್ಲಿ. ಆಮೇಲೆ ಅದು ಸುಂಕದ ಕಚೇರಿ, ಅಂಚೆ ಕಚೇರಿ ಆಗಿ, 2016ರಲ್ಲಿ ದುಬಾರಿ ಸಾಮಾನಿನ ಬೃಹತ್ ಮಳಿಗೆಯಾಯಿತು. ಮಳಿಗೆಯೂ 2025ರಲ್ಲಿ ಬಾಗಿಲು ಹಾಕಿತು. ಜಾರ್ಜೋನೆಯ ಗೋಡೆಚಿತ್ರವನ್ನು ಉಪ್ಪುಗಾಳಿ ಬಹುಪಾಲು ತಿಂದುಹಾಕಿದೆ. ಕೆಂಪು ಛಾಯೆಯ ಒಬ್ಬ ಹೆಣ್ಣಿನ ಮಸುಕು ಆಕೃತಿಯನ್ನು ಮಾತ್ರ ಗೋಡೆಯಿಂದ ಬಿಡಿಸಿ ವೆನಿಸ್ಸಿನಲ್ಲೇ ಕಾಪಾಡಿದ್ದಾರೆ.